ಅತ್ತೆ ಕೊಂಡ ಲ್ಯಾಪ್‌ಟಾಪ್

ನಮ್ಮ ಮನೆಗೆ ಯಾವ ಸಾಮಾನು ತರುವುದಿದ್ದರೂ ಅದನ್ನು ಬಳಸುವವರೊಬ್ಬರನ್ನು ಬಿಟ್ಟು ಉಳಿದವರೆಲ್ಲ ಸೇರಿ ತೀರ್ಮಾನಿಸುತ್ತಾರೆ. ನನ್ನ ಹೊಲಿಗೆ ಯಂತ್ರವನ್ನು ಆರಿಸಿದ್ದು ನನ್ನ ಗಂಡ. ಗಂಡನ ಬೂಟನ್ನು ಆರಿಸಿದ್ದು ಮಾವ. ಮಾವನ ಕನ್ನಡಕದ ಚೌಕಟ್ಟನ್ನು ಆರಿಸಿದ್ದು ನನ್ನ ಮಗಳು ಚಿಟ್ಟಿ. ಅದನ್ನು ಹಾಕಿಕೊಂಡರೆ ಅವರು ಸಿಟ್ಟಿಗೆದ್ದ ಗೂಬೆಯ ಹಾಗೆ ಕಾಣುತ್ತಾರೆ. ಆದ್ದರಿಂದ ಅತ್ತೆಗೆ ಹೊಸ ಲ್ಯಾಪ್‌ಟಾಪ್ ಬೇಕು ಎಂಬ ಮಾತು ಊಟದ ಮೇಜಿಗೆ ಬಂದ ದಿನವೇ ಮುಂದೆ ಏನೇನಾಗುತ್ತದೆ ಎಂದು ನನಗೆ ಅರ್ಧ ಗೊತ್ತಿತ್ತು.

ಅತ್ತೆ ಟೈಪಿಸ್ಟ್. ಸಭೆಗಳಲ್ಲಿ, ವಿಚಾರಣೆಗಳಲ್ಲಿ ಜನ ಆಡಿದ ಮಾತನ್ನು ಒಂದು ಕಚೇರಿಯವರು ಧ್ವನಿಮುದ್ರಿಸಿ ಕಳಿಸುತ್ತಾರೆ. ಅತ್ತೆ ಅದನ್ನು ಕೇಳಿಸಿಕೊಂಡು ಒಂದು ಮಾತೂ ಬಿಡದೆ ಟೈಪ್ ಮಾಡಿ ಹಿಂದಕ್ಕೆ ಕಳಿಸಬೇಕು. ಕಿವಿಗೆ ಹೆಡ್‌ಫೋನು, ಕಾಲ ಕೆಳಗೊಂದು ಪೆಡಲು. ಪೆಡಲು ಒತ್ತಿದರೆ ಮಾತು ಓಡುತ್ತದೆ, ಕಾಲೆತ್ತಿದರೆ ನಿಲ್ಲುತ್ತದೆ. ಟೇಪಿನ ಕಾಲದಿಂದಲೂ ಅವರದು ಇದೇ ಕೆಲಸ. ಮೊದಲು ಆ ಕಚೇರಿಗೇ ಹೋಗಿ ಮಾಡುತ್ತಿದ್ದರು, ಈಗ ಮನೆಯ ನಡುಕೋಣೆಯ ಮೂಲೆಯಲ್ಲಿ ಕೂತು ಮಾಡುತ್ತಾರೆ.

ಎರಡು ವರ್ಷದಿಂದ ಅವರ ದೃಷ್ಟಿಯ ನಡುಭಾಗ ಮಬ್ಬಾಗುತ್ತಾ ಬಂದಿದೆ. ಅಂಚಿನಲ್ಲಿ ಕಾಣುತ್ತದೆ, ನೇರ ನೋಡಿದರೆ ಹೊಗೆ. ಬಾಗಿಲು ಕಾಣುತ್ತದೆ, ಬಾಗಿಲಲ್ಲಿ ನಿಂತವರ ಮುಖ ಕಾಣುವುದಿಲ್ಲ. ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳೋಣ ಎಂದು ಡಾಕ್ಟರು ಹೇಳಿದ್ದರು. ಟೈಪ್ ಮಾಡಲು ಅವರಿಗೆ ಕಣ್ಣು ಬೇಕಿಲ್ಲ, ಬೆರಳಿಗೆ ದಾರಿ ಗೊತ್ತು. ಆದರೆ ಮಾಡಿದ್ದನ್ನು ಮತ್ತೆ ಓದಿ ತಿದ್ದಬೇಕಲ್ಲ. ಅಕ್ಷರವನ್ನು ದೊಡ್ಡದು ಮಾಡುತ್ತಾ ಹೋದರು. ಕೊನೆಗೆ ಪರದೆಯ ತುಂಬ ಒಂದು ಪದ ಮಾತ್ರ ಹಿಡಿಸುವ ಸ್ಥಿತಿಗೆ ಬಂದಾಗ ಮಾವ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು, "ನಾನು ಓದ್ತೀನಿ, ನೀನು ಕೇಳು" ಎಂದರು. ಬಸ್ ಕಂಡಕ್ಟರಾಗಿ ನಿವೃತ್ತರಾದ ಮೇಲೆ ಅವರಿಗೆ ಸಿಕ್ಕ ಮೊದಲ ಕೆಲಸ ಅದು. ಒಮ್ಮೆ "ನಾನು ಓದ್ಲಾ ಮಾವ?" ಎಂದು ಕೇಳಿದ್ದಕ್ಕೆ "ನಾನಿನ್ನೂ ಸತ್ತಿಲ್ಲಮ್ಮ" ಎಂದು ನನ್ನ ಬಾಯಿ ಮುಚ್ಚಿಸಿದ್ದರು.

ಒಂದು ದಿನ ಕಚೇರಿಯ ಮೇಡಂ ಫೋನ್ ಮಾಡಿದರು. ಅತ್ತೆ ಕಳಿಸಿದ್ದ ಒಂದು ಗೃಹಸಂಘದ, ಅಂದರೆ ಒಂದೇ ಕಟ್ಟಡದ ನಿವಾಸಿಗಳ ಸಂಘದ, ಸಭೆಯ ಕೆಲಸವನ್ನು ವಾಪಸ್ ಕಳಿಸಿದ್ದೇವೆ, ತಪ್ಪುಗಳು ಬಹಳ ಇವೆ ಎಂದರು. ಈ ತಿಂಗಳ ಕೊನೆಗೆ ಎಲ್ಲ ಟೈಪಿಸ್ಟರಿಗೂ ಒಂದೇ ಧ್ವನಿಮುದ್ರಣ ಕಳಿಸಿ ಪರೀಕ್ಷೆ ಮಾಡುತ್ತೇವೆ, ಅದರಲ್ಲಿ ಸರಿಯಾಗಿ ಮಾಡಿದವರನ್ನು ಮಾತ್ರ ಇಟ್ಟುಕೊಳ್ಳುತ್ತೇವೆ ಎಂದೂ ಹೇಳಿದರು. ದನಿಯಲ್ಲಿ ಸಂಕೋಚವಿತ್ತು. ಅತ್ತೆ "ಆಯ್ತು" ಎಂದಷ್ಟೇ ಹೇಳಿ ಫೋನಿಟ್ಟರು. ಆಮೇಲೆ ಮಾವನಿಗೆ ಆ ಪುಟಗಳನ್ನು ಮತ್ತೆ ಓದಿಸಿದರು. ಮಾವ ನೀರು ಕುಡಿದಷ್ಟು ಸಲೀಸಾಗಿ ಓದಿ, "ಎಲ್ಲಿದೆ ತಪ್ಪು? ಅವರಿಗೆ ತಲೆ ಕೆಟ್ಟಿದೆ" ಎಂದರು. ಅತ್ತೆ ಹೆಡ್‌ಫೋನು ಸುತ್ತಿಟ್ಟು ಎದ್ದರು. ಅವರು ಜಗಳಕ್ಕೆ ನಿಲ್ಲದಿದ್ದರೆ ನನಗೆ ಭಯ.

ಅಂದು ಊಟಕ್ಕೆ ಕೂತಾಗ ಅತ್ತೆ ಹೇಳಿದರು: "ನನಗೊಂದು ಹೊಸ ಲ್ಯಾಪ್‌ಟಾಪ್ ಬೇಕು. ಓದಿ ಹೇಳೋ ಥರದ್ದು. ಹಳೇದು ಅರ್ಧ ಗಂಟೆಗೊಂದು ಸಲ ಮೂರ್ಛೆ ಹೋಗುತ್ತೆ, ಅದಕ್ಕೆ ಓದೋಕೂ ಬರಲ್ಲ."

"ಓದೋಕೆ ನಾನಿಲ್ವಾ?" ಎಂದರು ಮಾವ.

"ಇದೀರ. ಆದ್ರೂ ಬೇಕು."

ನನ್ನ ಗಂಡ ಲಿಫ್ಟ್ ಮೆಕ್ಯಾನಿಕ್. ದಿನವಿಡೀ ಕೆಟ್ಟುನಿಂತದ್ದನ್ನು ಓಡಿಸುವವರು ಮನೆಗೆ ಬಂದರೆ ಓಡುತ್ತಿರುವುದನ್ನು ನಿಲ್ಲಿಸಲು ನೋಡುತ್ತಾರೆ. "ಅಮ್ಮ, ಸಾಕು ಬಿಡು. ಇನ್ನೆಷ್ಟು ದುಡಿತೀಯ? ಕಾಲು ಚಾಚ್ಕೊಂಡು ಹಾಯಾಗಿ ರೇಡಿಯೋ ಕೇಳು" ಎಂದರು.

"ಕೇಳೋದೇ ಕಣೋ ನನ್ನ ಕೆಲಸ. ರೇಡಿಯೋ ಕೇಳಿದ್ರೆ ಯಾರೂ ಸಂಬಳ ಕೊಡಲ್ಲ."

"ಅಲ್ಲಮ್ಮ, ಕಣ್ಣು…"

"ದುಡ್ಡು ನಂದು. ಯಾವುದು ತರಬೇಕು ಅಂತ ಹೇಳಿ. ಯಾಕೆ ಅಂತ ಮಾತ್ರ ಕೇಳಬೇಡಿ."

ಯಾವುದು ಎಂದು ಕೇಳಿದ್ದೇ ತಡ, ಮೇಜಿನ ಮೇಲಿದ್ದ ಆಲೂಗಡ್ಡೆ ತಣ್ಣಗಾಯಿತು. ಚಿಟ್ಟಿ ಚಿತ್ರಕಲೆ ಓದುತ್ತಾಳೆ. ಅವಳಿಗೆ ಮ್ಯಾಕ್ ಎಂದರೆ ಪ್ರಾಣ. "ಅಜ್ಜಿ, ಮ್ಯಾಕೇ ತಗೋ. ಓದಿ ಹೇಳೋದು ಅದರೊಳಗೇ ಇರುತ್ತೆ. ದನಿ ಎಷ್ಟು ಮುದ್ದಾಗಿದೆ ಗೊತ್ತಾ? ಸಾಯಂಕಾಲ ನಿನ್ನ ಕೆಲಸ ಮುಗಿದ್ಮೇಲೆ ನಾನೂ ಸ್ವಲ್ಪ ಬಳಸ್ಕೋತೀನಿ."

"ಬಂತು ನೋಡು ಹೊರಗೆ," ಎಂದರು ಅವಳಪ್ಪ. "ಅಜ್ಜಿ ಹೆಸರಲ್ಲಿ ಮೊಮ್ಮಗಳ ಸವಾರಿ. ಅಮ್ಮ, ವಿಂಡೋಸ್ ತಗೋ. ಅಂಗಡೀಲಿ, ಬ್ಯಾಂಕಲ್ಲಿ, ನಮ್ಮ ವರ್ಕ್‌ಶಾಪಲ್ಲಿ, ಎಲ್ಲಿ ನೋಡಿದ್ರೂ ಅದೇ. ಕೆಟ್ಟರೆ ಬೀದಿಗೊಬ್ಬ ಸರಿ ಮಾಡೋನು ಸಿಗ್ತಾನೆ."

"ಅಪ್ಪಂಗೆ ಹೊಸದು ಅಂದ್ರೆ ಅಲರ್ಜಿ."

"ನಿನಗೆ ಬೆಲೆ ಅಂದ್ರೆ ಕಣ್ಣು ಕಾಣಲ್ಲ," ಎಂದವರು ಅಮ್ಮನ ಕಡೆ ನೋಡಿ ನಾಲಿಗೆ ಕಚ್ಚಿಕೊಂಡರು. ಅತ್ತೆ ಕೇಳಿಸದವರಂತೆ ಅನ್ನ ಕಲಸುತ್ತಿದ್ದರು.

ಭಾನುವಾರ ಅಪ್ಪ ಮಗಳು ಇಬ್ಬರೂ ಜಗಳವಾಡುತ್ತಾ ಅಂಗಡಿಗೆ ಹೋದರು. ಬರುವಾಗ ನಗುನಗುತ್ತಾ ಬಂದರು. ಆಗಲೇ ನನಗೆ ಅನುಮಾನ ಬಂತು. ವಿಂಡೋಸಿನ ಒಂದು ಲ್ಯಾಪ್‌ಟಾಪಿಗೆ ಮುಂಗಡ ಕೊಟ್ಟು ಬಂದಿದ್ದರು. ಅಪ್ಪನಿಗೆ ಬೇಕಾದ ವಿಂಡೋಸ್, ಮಗಳಿಗೆ ಬೇಕಾದ ಭಾರೀ ಪರದೆ, ಹೀಗೆ ರಾಜಿಯಾಗಿತ್ತು.

"ಅಜ್ಜಿ, ಪರದೆ ಅಂದ್ರೆ ಪರದೆ. ಹುಲ್ಲಿನ ಚಿತ್ರ ಹಾಕಿದ್ರೆ ಒಂದೊಂದು ಎಳೇನೂ ಬೇರೆ ಬೇರೆ ಕಾಣುತ್ತೆ."

"ಯಾರಿಗೆ ಕಾಣುತ್ತೆ?" ಎಂದು ಕೇಳಿದರು ಅತ್ತೆ.

ಚಿಟ್ಟಿಯ ಮುಖ ಸುಣ್ಣ ಬಳಿದ ಹಾಗಾಯಿತು. ನನ್ನ ಗಂಡ ಬೂಟಿನ ದಾರ ಬಿಚ್ಚಲು ಬಗ್ಗಿದವರು ಮೇಲೇಳಲೇ ಇಲ್ಲ. ಆ ಇಡೀ ಮಧ್ಯಾಹ್ನ ಅಂಗಡಿಯಲ್ಲಿ ನಿಂತು, ಬಣ್ಣ ನೋಡಿ, ಹೊಳಪು ನೋಡಿ, ಪಕ್ಕದಿಂದ ನೋಡಿದರೆ ಹೇಗೆ, ಬಿಸಿಲಲ್ಲಿ ನೋಡಿದರೆ ಹೇಗೆ ಎಂದೆಲ್ಲ ನೋಡಿದ್ದರು ಮಹಾನುಭಾವರು. ಮೊದಲು ನಕ್ಕಿದ್ದು ಅತ್ತೆಯೇ. ಆಮೇಲೆ ನಗು ನಿಲ್ಲಿಸಿ, "ನಾಳೆ ನಾನೇ ಹೋಗ್ತೀನಿ. ನೀನು ಬಾ ನನ್ನ ಜೊತೆ" ಎಂದು ನನಗೆ ಹೇಳಿದರು. ನಾನು ಕಿಟಕಿಯ ಪರದೆ ಹೊಲಿಯುವ ಅಂಗಡಿಗೆ ಅರ್ಧ ದಿನ ರಜೆ ಹೇಳಿದೆ. ರಸ್ತೆ ದಾಟಿಸಲು ತಾನಿಲ್ಲದೆ ಆಗುವುದಿಲ್ಲ ಎಂದು ಮಾವನೂ ಹೊರಟರು.

ಅಂಗಡಿಯ ಸೇಲ್ಸ್‌ಮನ್ ನೀಲಿ ಅಂಗಿಯವನು. ಅತ್ತೆಯನ್ನು ಒಮ್ಮೆ ನೋಡಿ, ನನ್ನ ಕಡೆ ತಿರುಗಿ, "ಅಮ್ಮನವರಿಗೆ ಏನು ಬೇಕಂತೆ?" ಎಂದ.

"ಅಮ್ಮನವರ ಕಿವಿ ನಿನಗಿಂತ ಚುರುಕು. ಅವರನ್ನೇ ಕೇಳಪ್ಪ," ಎಂದೆ.

ಅವನು ಮುಂಗಡ ಕೊಟ್ಟಿದ್ದ ಲ್ಯಾಪ್‌ಟಾಪ್ ತಂದು ತೆರೆದ. "ಮೊದಲು ಇದರ ಡಿಸ್‌ಪ್ಲೇ ನೋಡಿಬಿಡಿ ಅಮ್ಮ."

"ಅದನ್ನ ಪೂರ್ತಿ ಕತ್ತಲೆ ಮಾಡಿಬಿಡು."

"ಯಾವುದನ್ನ?"

"ಡಿಸ್‌ಪ್ಲೇನ. ಎಲ್ಲಾ ಲ್ಯಾಪ್‌ಟಾಪಿಂದೂ ಕತ್ತಲೆ ಮಾಡು. ಮ್ಯಾಕ್ ಒಂದು ತಾ, ವಿಂಡೋಸ್ ಒಂದು ತಾ, ಬೇರೆ ಇನ್ನೇನಿದ್ಯೋ ಅದೂ ತಾ. ಓದಿಸು, ಕೇಳ್ತೀನಿ."

ಅವನು ಕಣ್ಣು ಕಣ್ಣು ಬಿಟ್ಟ. ಹಿಂದಿನ ಕೋಣೆಯಲ್ಲಿ ರಿಪೇರಿ ಮಾಡುತ್ತಿದ್ದ ಹೆಂಗಸೊಬ್ಬಳು ಇದನ್ನು ಕೇಳಿ ಎದ್ದು ಬಂದಳು. ತುರುಬಿಗೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಿದ್ದಳು. "ನೀನು ಆ ಕಡೆ ಗಿರಾಕಿ ನೋಡ್ಕೊ, ಇವರನ್ನ ನಾನು ನೋಡ್ತೀನಿ" ಎಂದು ಅವನನ್ನು ಸಾಗಹಾಕಿ, ಮೂರು ಯಂತ್ರಗಳನ್ನು ಸಾಲಾಗಿ ಇಟ್ಟಳು. ಚಿಟ್ಟಿಯ ಮ್ಯಾಕ್, ನನ್ನ ಗಂಡನ ವಿಂಡೋಸ್. ಮೂರನೆಯದು ಯಾವುದೋ ಆಫೀಸಿನಲ್ಲಿ ಬಳಸಿ ಬಿಟ್ಟಿದ್ದ ದಪ್ಪನೆಯ ಹಳೆಯ ಯಂತ್ರ, ಇಟ್ಟಿಗೆಯಷ್ಟು ತೂಕ. ಅದಕ್ಕೆ ತಾನೇ ಲಿನಕ್ಸ್ ಹಾಕಿದ್ದೇನೆ, ಅದೂ ವಿಂಡೋಸಿನ ಹಾಗೇ, ಆದರೆ ಬಿಟ್ಟಿ ಸಿಗುತ್ತದೆ, ತಾನು ಬಳಸುವುದೂ ಅದನ್ನೇ ಎಂದಳು.

ಅತ್ತೆ ವಾಪಸ್ ಬಂದಿದ್ದ ಗೃಹಸಂಘದ ಸಭೆಯನ್ನು ಪೆನ್‌ಡ್ರೈವಿನಲ್ಲಿ ತಂದಿದ್ದರು. "ಇದನ್ನೇ ಓದಲಿ. ನನಗೆ ಗೊತ್ತಿರೋ ಮಾತು, ಹೋಲಿಸೋಕೆ ಸುಲಭ," ಎಂದರು.

ಮ್ಯಾಕ್ ಮೊದಲು ಓದಿತು. ದನಿ ನಿಜಕ್ಕೂ ಮುದ್ದಾಗಿತ್ತು. ನನಗಂತೂ ಅಲ್ಲೇ ಕೂತು ಕೇಳೋಣ ಅನ್ನಿಸಿತು. ಅತ್ತೆ ಒಂದು ಪುಟ ಕೇಳಿ, "ಚೆನ್ನಾಗಿದೆ. ಮಗು ಮಲಗಿಸೋಕೆ ಚೆನ್ನಾಗಿದೆ" ಎಂದು ಕೀಲಿಗಳ ಮೇಲೆ ಬೆರಳಾಡಿಸಿ, ಕೀಲಿ ತೀರಾ ತೆಳು, ಒತ್ತಿದರೆ ಮೇಜು ಕುಟ್ಟಿದ ಹಾಗಾಗುತ್ತದೆ ಎಂದರು. ವಿಂಡೋಸಿನ ಮುಂದೆ ಕೂತು ದನಿಯನ್ನು ಜೋರು ಓಡಿಸಲು ಹೇಳಿದರು. ರಿಪೇರಿಯವಳು ಬೇರೆ ಒಂದು ಓದುವ ದನಿಯನ್ನು ಅದಕ್ಕೆ ಹಾಕಿದಳು. ಅದು ಗೊಗ್ಗರು ದನಿ, ಯಂತ್ರದ್ದೇ ದನಿ, ಆದರೆ ಎಷ್ಟು ವೇಗವಾಗಿ ಓದಿಸಿದರೂ ಒಂದು ಪದ ಇನ್ನೊಂದಕ್ಕೆ ಅಂಟಿಕೊಳ್ಳುತ್ತಿರಲಿಲ್ಲವಂತೆ. ಹಾಗೆಂದು ಹೇಳಿದ್ದು ಅತ್ತೆ. ನನಗೆ ಕೇಳಿಸಿದ್ದು ಬರೀ ಗರಗರ.

ಓದುತ್ತಾ ಓದುತ್ತಾ ಆ ಗೊಗ್ಗರು ದನಿ ಒಂದು ಕಡೆ ತೊದಲತೊಡಗಿತು. ಕಟ ಪಟ ಗಿಜಿ ಬಿಜಿ. ಒಂದು ಸಾಲಲ್ಲ, ಒಂದಿಡೀ ಭಾಗ.

"ಇದು ಕೆಟ್ಟಿದೆ," ಎಂದರು ಮಾವ ಅವಸರವಾಗಿ. "ನಡಿ, ಬೇರೆ ಅಂಗಡಿಗೆ ಹೋಗೋಣ."

ಅತ್ತೆ ಏಳಲಿಲ್ಲ. ಅದೇ ಭಾಗವನ್ನು ಲಿನಕ್ಸಿನ ಇಟ್ಟಿಗೆಯಲ್ಲಿ ಓದಿಸಿದರು. ಅಲ್ಲೂ ಅದೇ ಗೊಗ್ಗರು ದನಿ, ಅದೇ ಕಟ ಪಟ. ರಿಪೇರಿಯವಳು ಪರದೆ ಬೆಳಗಿಸಿ ನೋಡಿ, "ಅಮ್ಮ, ಯಂತ್ರದ ತಪ್ಪಲ್ಲ. ಇಲ್ಲಿ ಮಾತೇ ಇಲ್ಲ, ಬರೀ ಕಲಸುಮೇಲೋಗರ" ಎಂದಳು.

"ಇಲ್ಲಿ ಖಜಾಂಚಿ ಮಾತಾಡಬೇಕು," ಎಂದರು ಅತ್ತೆ. ಆಮೇಲೆ ಮಾವ ನಿಂತಿದ್ದ ಕಡೆ ತಿರುಗಿದರು. "ನೀವು ಓದಿದ್ರಲ್ಲ. ಎರಡು ಸಲ ಓದಿದ್ರಿ. ನೀರಿನ ಟ್ಯಾಂಕು, ಮೆಟ್ಟಿಲಿನ ದೀಪ, ಬಾಕಿ ವಂತಿಗೆ. ಖಜಾಂಚಿ ಎಲ್ಲಾ ಹೇಳಿದ್ದ."

ಮಾವ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು.

"ರೀ, ನಿಮ್ಮನ್ನೇ ಕೇಳ್ತಿರೋದು."

"ಅಲ್ಲಿ ಅಕ್ಷರ ಏನೂ ಇರಲಿಲ್ಲ ಕಣೇ," ಎಂದರು ಮಾವ ಕೊನೆಗೆ. "ಖಜಾಂಚಿ ಅಂದ್ಮೇಲೆ ಇಂಥದ್ದೇ ಏನೋ ಹೇಳಿರ್ತಾನೆ ಅಂತ ನಾನೇ… ನಿನ್ನ ಮುಖ ನೋಡಿ ಹೇಳಕ್ಕಾಗಲಿಲ್ಲ."

ನಮ್ಮ ಮಾವ ಇಡೀ ಖಜಾಂಚಿಯ ಭಾಷಣವನ್ನು ಸ್ವಂತ ತಲೆಯಿಂದ ಮಾಡಿ ಒಪ್ಪಿಸಿದ್ದರು. ಎರಡನೇ ಸಲ ಓದುವಾಗ ಮೊದಲ ಸಲದ್ದನ್ನು ನೆನಪಿಟ್ಟುಕೊಂಡು ಹಾಗೇ ಹೇಳಿದ್ದರು. ಬೇರೆ ದಿನವಾಗಿದ್ದರೆ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅವತ್ತು ನಗು ಬರಲಿಲ್ಲ. ಅತ್ತೆ ಆ ಹಾಳುಮೂಳನ್ನು ತಮ್ಮ ಹೆಸರಿನಲ್ಲಿ ಕಚೇರಿಗೆ ಕಳಿಸಿದ್ದರು.

ಅವರು ಅಳುತ್ತಾರೆಂದುಕೊಂಡೆ. ಅವರು ಇಟ್ಟಿಗೆಯ ಕೀಲಿಗಳ ಮೇಲೆ ಎರಡೂ ಕೈಯಿಟ್ಟರು. ಎರಡು ತೋರುಬೆರಳು ಕೂರುವ ಕೀಲಿಗಳಲ್ಲಿ ಒಂದೊಂದು ಸಣ್ಣ ಉಬ್ಬುಗೆರೆ ಇರುತ್ತದೆ; ಕಣ್ಣು ಹಾಯಿಸದೆ ಟೈಪ್ ಮಾಡುವವರು ಅದನ್ನು ಮುಟ್ಟಿಯೇ ಕೈಯಿಡುವುದು. ಅತ್ತೆ ಆ ಗೆರೆಗಳನ್ನು ಮತ್ತೆ ಮತ್ತೆ ಸವರಿದರು. "ನನ್ನ ಹಳೇದರಲ್ಲಿ ಇದು ಸವೆದು ನುಣ್ಣಗಾಗಿದೆ," ಎಂದರು ನಿಧಾನವಾಗಿ. "ಅದಕ್ಕೇ ಕೈ ಒಂದು ಕೀಲಿ ಪಕ್ಕಕ್ಕೆ ಕೂತಿದೆ. ನನ್ನ ಬೆರಳು ಮರೆತಿಲ್ಲ." ಹಾಗೆಂದವರು ಬೆನ್ನು ನೆಟ್ಟಗೆ ಮಾಡಿ ಒಂದು ಸಾಲು ಟೈಪ್ ಮಾಡಿದರು. ಇಟ್ಟಿಗೆ ಅದನ್ನು ಓದಿತು. ಒಂದಕ್ಷರ ತಪ್ಪಿರಲಿಲ್ಲ.

"ಇದೇ ಇರಲಿ," ಎಂದರು ಅತ್ತೆ.

ಮುಂಗಡವನ್ನು ರಿಪೇರಿಯವಳೇ ಮಾಲೀಕನಿಗೆ ಹೇಳಿ ಇದಕ್ಕೆ ಬದಲಾಯಿಸಿಕೊಟ್ಟಳು. ಅತ್ತೆ ತಂದಿದ್ದ ಹಣದಲ್ಲಿ ಅರ್ಧಕ್ಕರ್ಧ ಉಳಿಯಿತು. ಲಿನಕ್ಸ್ ಜೊತೆಗೆ ವಿಂಡೋಸನ್ನೂ ಅದರೊಳಗೆ ಹಾಕಿಕೊಟ್ಟು, "ಎರಡನ್ನೂ ಬಳಸಿ ನೋಡಿ, ಬೇಡದ್ದನ್ನ ತೆಗೆದುಕೊಡ್ತೀನಿ" ಎಂದಳು.

ಆಮೇಲೆ ಮನೆಯಲ್ಲಿ ಶುರುವಾಯಿತು ಮೌನ. ನಾನು ಮದುವೆಯಾಗಿ ಬಂದಂದಿನಿಂದ ಅತ್ತೆ ಮಾವ ಜಗಳವಾಡದ ದಿನವಿಲ್ಲ, ಆದರೆ ಮಾತು ಬಿಟ್ಟಿದ್ದನ್ನು ನೋಡಿರಲಿಲ್ಲ. ಒಂದೇ ಮೇಜಿಗೆ ಕೂತು ನನ್ನನ್ನು ಅಂಚೆಯವಳನ್ನಾಗಿ ಮಾಡಿಕೊಂಡರು.

"ನಿಮ್ಮ ಮಾವನಿಗೆ ಇನ್ನೊಂದು ಮೊಟ್ಟೆ ಬೇಕಾ ಕೇಳಮ್ಮ."

"ಬೇಡ ಅನ್ನು."

"ಹೊಟ್ಟೆ ಮೇಲೆ ಕೋಪ ಬೇಡ ಅಂತ ಹೇಳು."

"ಕೋಪ ಯಾರಿಗಿದೆ ಅಂತ ಕೇಳು."

ಮೂರು ಹೊತ್ತೂ ಇದೇ ಆದಾಗ ನನಗೂ ತಲೆ ಕೆಟ್ಟಿತು. ಸೌಟು ಕೆಳಗಿಟ್ಟು, "ನಾನು ಅಂಗಡೀಲಿ ಎಂಟು ಗಂಟೆ ಹೊಲಿದು ಬಂದಿದೀನಿ. ಮಧ್ಯಸ್ಥಿಕೆಗೆ ಬೇರೆ ಆಳಿಡಿ" ಎಂದೆ. ಆಗ ಅತ್ತೆ ನೇರವಾಗಿಯೇ ಹೇಳಿದರು.

"ಓದಿ ಅಂದೆ, ಒಗ್ಗರಣೆ ಹಾಕಿ ಅನ್ನಲಿಲ್ಲ."

"ನಿನಗೆ ಬೇಜಾರಾಗಬಾರದು ಅಂತ ಮಾಡಿದ್ದು."

"ನನ್ನ ಮುಖ ನೋಡಬೇಡಿ, ಪುಟ ನೋಡಿ ಅಂದಿದ್ದೆ. ಈಗ ಕೆಲಸವೇ ಹೋಗೋ ಹಾಗಿದೆ. ಬೇಜಾರು ಕಮ್ಮಿಯಾಯ್ತಾ?"

ಮಾವ ತಟ್ಟೆ ಎತ್ತಿಕೊಂಡು ಹೋಗಿ ಹಿತ್ತಲ ಮೆಟ್ಟಿಲ ಮೇಲೆ ಕೂತು ಊಟ ಮಾಡಿದರು. ನನಗೆ ಇಬ್ಬರ ಮೇಲೂ ಕನಿಕರ ಬಂತು. ಅತ್ತೆಯ ಪಕ್ಕ ಇದ್ದ ಮಾವನ ಕುರ್ಚಿಯ ಮೇಲೆ ಈಗ ಒಗೆದ ಬಟ್ಟೆ ಬಿದ್ದಿರುತ್ತಿತ್ತು. ಓದುವ ದನಿಗೆ ಚಿಟ್ಟಿ ಗೊಗ್ಗರಪ್ಪ ಎಂದು ಹೆಸರಿಟ್ಟಿದ್ದಳು. ಅದು ಗರಗರ ಶುರು ಮಾಡಿದ ಕೂಡಲೇ ಮಾವ ಚಪ್ಪಲಿ ಮೆಟ್ಟಿ ಹೊರಗೆ ಹೋಗಿಬಿಡುತ್ತಿದ್ದರು.

ಇತ್ತ ಅಪ್ಪ ಮಗಳ ಚುನಾವಣೆ ನಡೆದಿತ್ತು. ಮ್ಯಾಕ್ ಕೈತಪ್ಪಿದ್ದರಿಂದ ಚಿಟ್ಟಿ ರಾತ್ರೋರಾತ್ರಿ ಪಕ್ಷ ಬದಲಾಯಿಸಿ ಲಿನಕ್ಸಿನವಳಾಗಿದ್ದಳು. ಮೊದಲ ವಾರ ವಿಂಡೋಸಿನದು. ಪೆಡಲಿನ ತಂತಿ ಸಿಕ್ಕಿಸಿದ ಕೂಡಲೇ ಅದು ಮಾತು ಕೇಳಿತು. ಅತ್ತೆ ಒತ್ತಿದರು, ಓಡಿತು, ಎತ್ತಿದರು, ನಿಂತಿತು. ಪೆಡಲನ್ನೇ ತಾನು ಮಾಡಿದವರ ಹಾಗೆ ನನ್ನ ಗಂಡ ಎದೆಯುಬ್ಬಿಸಿಕೊಂಡು ಓಡಾಡಿದರು. ಎರಡನೆಯ ವಾರ ಲಿನಕ್ಸ್. ಪೆಡಲು ಸತ್ತ ಹಾಗೆ ಬಿದ್ದಿತ್ತು.

"ಏನಮ್ಮಾ, ನಿಮ್ಮ ಅಭ್ಯರ್ಥಿಗೆ ಕಾಲೇ ಇಲ್ವಾ?" ಎಂದು ಅವರು ಹೋಗಿ ಬಂದು ಕೆಣಕಿದರು.

ಚಿಟ್ಟಿ ಹಲ್ಲು ಕಚ್ಚಿಕೊಂಡು ಕೂತಳು. ಕಾಲೇಜಿನಿಂದ ಬಂದವಳು ಚಹಾ ಕುಡಿಯದೆ ಪೆಡಲಿನ ಮುಂದೆ ನೆಲದ ಮೇಲೆ ಕೂತು, ಅಂಗಡಿಯ ರಿಪೇರಿಯವಳಿಗೆ ಫೋನ್ ಹಚ್ಚಿ, ಅವಳು ಹೇಳಿದ್ದನ್ನು ಬರೆದುಕೊಂಡು, ಬೈದುಕೊಂಡು, ಮತ್ತೆ ಮಾಡುತ್ತಿದ್ದಳು. ಪಾತ್ರೆ ತೊಳೆಯುವ ಸರದಿ ತಪ್ಪಿಸಿಕೊಂಡಳು, ನಾನು ಬಯ್ಯಲಿಲ್ಲ. ವಾರದ ನಡುವೆ ಒಂದು ಸಂಜೆ ಪೆಡಲು ಜೀವ ತಳೆಯಿತು. ಆಗ ಅವಳು ಕೇಳಿದಳು: "ಅಜ್ಜಿ, ಹಳೇ ಟೇಪಿನ ಯಂತ್ರದಲ್ಲಿ ಪೆಡಲು ಹೇಗಿತ್ತು? ಇದೇ ಥರಾನಾ?"

"ಅದರ ಸುಖ ಬೇರೆ," ಎಂದರು ಅತ್ತೆ. "ಕಾಲೆತ್ತಿದ್ರೆ ನಿಂತು, ಒಂದೆರಡು ಮಾತು ತಾನೇ ಹಿಂದಕ್ಕೆ ಹೋಗ್ತಿತ್ತು. ಮತ್ತೆ ಒತ್ತಿದಾಗ ಎಲ್ಲಿ ಬಿಟ್ಟಿದ್ದೆ ಅಂತ ಹುಡುಕೋ ಹಾಗೇ ಇರಲಿಲ್ಲ."

ಚಿಟ್ಟಿ ಮರುದಿನ ಅದನ್ನೂ ಮಾಡಿದಳು. ಅತ್ತೆ ಪೆಡಲು ಒತ್ತಿ, ಎತ್ತಿ, ಮತ್ತೆ ಒತ್ತಿದರು. ಮಾತು ಒಂದು ಹೆಜ್ಜೆ ಹಿಂದೆ ಸರಿದು ಮುಂದೆ ಬಂತು. ಅವರ ಮುಖದಲ್ಲಿ ಆಗ ಬಂದ ನಗುವನ್ನು ನಾನು ಎರಡು ವರ್ಷದಿಂದ ನೋಡಿರಲಿಲ್ಲ. "ಅಯ್ಯೋ ನನ್ನ ಚಿನ್ನ," ಎಂದು ಮೊಮ್ಮಗಳ ತಲೆಯನ್ನು ಎದೆಗೊತ್ತಿಕೊಂಡರು.

ವಾರದ ಕೊನೆಗೆ ತೀರ್ಪು ಬಂತು. "ಚಿಟ್ಟೀದು ಇರಲಿ."

"ವಿಂಡೋಸ್ ಮೊದಲ ದಿನವೇ ಓಡ್ತಲ್ಲಮ್ಮ, ಅದಕ್ಕೇನಾಗಿದೆ?" ಎಂದರು ನನ್ನ ಗಂಡ.

"ಅದಕ್ಕೇನೂ ಆಗಿಲ್ಲ, ಒಳ್ಳೇದೇ. ಆದ್ರೆ ಇದನ್ನ ಸರಿ ಮಾಡೋಳು ನನ್ನ ಮನೇಲೇ ಇದಾಳೆ."

"ನಾನೂ ಮನೇಲೇ ಇದೀನಿ."

"ನೀನು ಯಾವಾಗಲೂ ಯಾವುದೋ ಲಿಫ್ಟಿನ ನೆತ್ತಿ ಮೇಲೆ ಕೂತಿರ್ತೀಯ ಕಣೋ."

ಸೋತವರು ಗಂಭೀರವಾಗಿ ಮಗಳ ಕೈ ಕುಲುಕಿದರು. ಸಂಜೆ ಹೊತ್ತು ಇಟ್ಟಿಗೆಯ ಮೇಲೆ ಚಿತ್ರ ಬರೆಯಲು ಅವಳಿಗೆ ಅಪ್ಪಣೆಯಾಯಿತು.

ತಿಂಗಳ ಕೊನೆಗೆ ಪರೀಕ್ಷೆಯ ಧ್ವನಿಮುದ್ರಣ ಬಂತು. ಗೋದಾಮೊಂದರ ಗೋಡೆ ಕುಸಿದು ಕೆಲಸಗಾರರು ಗಾಯಗೊಂಡಿದ್ದರಂತೆ, ಅದರ ವಿಚಾರಣೆ. ಮಾಲೀಕ, ಮ್ಯಾನೇಜರ್, ಕಾವಲುಗಾರ, ಗೋಡೆ ಕಟ್ಟಿದ ಮೇಸ್ತ್ರಿ, ಇನ್ನೂ ಯಾರು ಯಾರೋ. ಯಾರು ಏನು ಹೇಳಿದರು ಎಂದು ಹೆಸರಿನ ಸಮೇತ ಬರೆಯಬೇಕು. ಅತ್ತೆ ಬೆಳಿಗ್ಗೆ ಕೂತು, ಒಬ್ಬೊಬ್ಬರೂ ಹೆಸರು ಹೇಳಿ ಮಾತಾಡುವ ಮೊದಲ ಭಾಗವನ್ನು ಸ್ಪೀಕರಿನಲ್ಲಿ ಕೇಳಿ, ಆಮೇಲೆ ಹೆಡ್‌ಫೋನು ಹಾಕಿಕೊಂಡರು. ನನ್ನ ಗಂಡ ರಜೆ ಹಾಕಿ ಮನೆಯಲ್ಲಿದ್ದು, ನಲ್ಲಿ ತೊಟ್ಟಿಕ್ಕಿದರೂ ಓಡಿಹೋಗಿ ತಿರುಗಿಸುತ್ತಿದ್ದರು. ಸಾಕು ಬಿಡು ಎಂದಿದ್ದ ಮನುಷ್ಯ ಈಗ ಬಾಗಿಲ ಗಂಟೆಗೆ ಬಟ್ಟೆ ಸುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ಕಷ್ಟದ ಜಾಗ ಬಂತು. ಧ್ವನಿಮುದ್ರಣದಲ್ಲಿ ಎಲ್ಲರೂ ಒಟ್ಟಿಗೇ ಕೂಗಾಡುತ್ತಿದ್ದರು. ಹೇಳಿದ್ದೇನು ಎಂದು ತಿಳಿಯುತ್ತಿತ್ತು, ಹೇಳಿದ್ದು ಯಾರು ಎಂದು ತಿಳಿಯುತ್ತಿರಲಿಲ್ಲ. ಅತ್ತೆ ಹೆಡ್‌ಫೋನು ತೆಗೆದು ಸ್ಪೀಕರಿನಲ್ಲಿ ಹಾಕಿದರು. ಮತ್ತೆ ಮತ್ತೆ ಹಾಕಿದರು.

"ಅದು ಕಾವಲುಗಾರ," ಎಂಬ ಮಾತು ಅಡುಗೆಮನೆಯಿಂದ ಬಂತು. ಮಾವ ಅಲ್ಲಿ ಕೂತು ಆಲೂಗಡ್ಡೆ ಸುಲಿಯುತ್ತಿದ್ದರು.

ಅತ್ತೆ ಕಾಲೆತ್ತಿದರು. "ಹೇಗೆ ಹೇಳ್ತೀರಿ?"

"ಮಾತಿಗೆ ಮುಂಚೆ ಮೂಗಲ್ಲಿ ಉಸಿರು ಎಳ್ಕೋತಾನೆ. ಬೆಳಿಗ್ಗೆ ಮಾತಾಡಿದಾಗಲೂ ಹಾಗೇ ಎಳ್ಕೊಂಡ. ಅವನ ಮೇಲೆ ಕೂಗ್ತಿರೋನು ಮ್ಯಾನೇಜರ್. ಅವನಿಗೆ ಸಾಲಿನ ಕೊ‌ನೇಲಿ ದನಿ ಮೇಲೆ ಹೋಗುತ್ತೆ."

ಅತ್ತೆ ಮತ್ತೆ ಕೇಳಿದರು. ಹೌದು, ಉಸಿರಿನ ಸದ್ದಿತ್ತು. ತುಂಬಿದ ಬಸ್ಸಿನಲ್ಲಿ ಬೆನ್ನ ಹಿಂದೆ ಟಿಕೆಟ್ ಕೇಳಿದವರು ಯಾರು, ಕೇಳದೆ ಕಳ್ಳಾಟವಾಡಿದವರು ಯಾರು ಎಂದು ದನಿಯಲ್ಲೇ ಗುರುತು ಹಿಡಿಯುತ್ತಿದ್ದ ಕಿವಿ ಅದು. ಕಣ್ಣಿನ ಕೆಲಸ ಕೊಟ್ಟು ನಾವೆಲ್ಲ ಆ ಕಿವಿಯನ್ನು ಮರೆತಿದ್ದೆವು.

ಅತ್ತೆ ಕುರ್ಚಿಯ ಮೇಲಿನ ಬಟ್ಟೆಯನ್ನು ತೆಗೆದು ನನ್ನ ಕೈಗೆ ಹಾಕಿದರು. "ಬನ್ನಿ. ಆದ್ರೆ ಒಂದು ಮಾತು. ಗೊತ್ತಿದ್ರೆ ಗೊತ್ತು ಅನ್ನಿ, ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನಿ. ನನ್ನ ಮುಖ ನೋಡಬೇಡಿ."

"ಗೋಡೆ ಕಡೆ ತಿರುಗಿ ಕೂರ್ತೀನಿ," ಎಂದರು ಮಾವ. ನಿಜವಾಗಿಯೂ ಹಾಗೇ ಕೂತರು.

ಸಂಜೆಯವರೆಗೆ ಆ ಕೆಲಸ ಸಾಗಿದ ಪರಿ ನೋಡಲು ಖುಷಿಯಾಗುತ್ತಿತ್ತು. ಮಾವ ಹೇಳುವರು, ಅತ್ತೆ ಒಪ್ಪುವರು ಇಲ್ಲವೇ ಜಗಳವಾಡುವರು, ಮತ್ತೆ ಕೇಳುವರು, ಟೈಪ್ ಮಾಡುವರು. ಕೊನೆಯ ಹತ್ತಿರ ಒಂದು ಮಾತು ಸಿಕ್ಕಿತು. ಗದ್ದಲದ ನಡುವೆ ಯಾರೋ, "ಗೋಡೆ ಬಿರುಕು ಬಿಟ್ಟಿದೆ ಅಂತ ಹೋದ ವಾರವೇ ಗೊತ್ತಿತ್ತು" ಎಂದಿದ್ದರು. ಇಡೀ ವಿಚಾರಣೆಯಲ್ಲಿ ತೂಕದ ಮಾತು ಅದೊಂದೇ. ಅದನ್ನು ಆಡಿದವನ ಕುತ್ತಿಗೆಗೆ ಎಲ್ಲ ಸುತ್ತಿಕೊಳ್ಳುತ್ತದೆ.

"ಮ್ಯಾನೇಜರೇ ಇರಬೇಕು," ಎಂದರು ನನ್ನ ಗಂಡ.

"ಮೇಸ್ತ್ರಿ," ಎಂದಳು ಚಿಟ್ಟಿ.

ಅತ್ತೆ ಮಾವನನ್ನು ಕಾದರು. ಮಾವ ಗೋಡೆ ನೋಡುತ್ತಾ ಮತ್ತೆ ಹಾಕಿಸಿದರು, ಇನ್ನೊಮ್ಮೆ ಹಾಕಿಸಿದರು, ಬಾಯಿ ತೆರೆದು ಮುಚ್ಚಿದರು. ಒಂದು ಹೆಸರು ಅವರ ನಾಲಿಗೆಯ ತುದಿಗೆ ಬಂದಿದ್ದು ನನಗೆ ಕಂಡಿತು. ಆಮೇಲೆ ಹೇಳಿದರು: "ಗೊತ್ತಿಲ್ಲ."

ನಮ್ಮ ಮಾವ ಗೊತ್ತಿಲ್ಲ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಊರಿಗೆ ಹೊಸಬರು ದಾರಿ ಕೇಳಿದರೂ ಗೊತ್ತಿಲ್ಲದ ಬೀದಿಗೆ ದಾರಿ ತೋರಿಸುವ ಮನುಷ್ಯ ಅವರು.

"ಅಮ್ಮ, ಯಾವುದಾದ್ರೂ ಒಂದು ಹೆಸರು ಹಾಕು," ಎಂದು ನನ್ನ ಗಂಡ ಚಡಪಡಿಸಿದರು. "ಹೆಸರು ಇಲ್ಲದೆ ಬಿಟ್ರೆ ಫೇಲ್ ಮಾಡಿಬಿಡ್ತಾರೆ."

"ಮಾಡಲಿ," ಎಂದರು ಅತ್ತೆ. ಆ ಸಾಲಿನ ಮುಂದೆ, ಯಾರ ಧ್ವನಿ ಎಂದು ತಿಳಿಯಲಿಲ್ಲ ಎಂದು ಟೈಪ್ ಮಾಡಿದರು. ಆಮೇಲೆ ಗೊಗ್ಗರಪ್ಪ ಮೊದಲಿನಿಂದ ಕೊನೆಯವರೆಗೆ ಓದಿದ. ಒಂದು ಸಾಲು ಎರಡು ಸಲ ಬಂದಿತ್ತು, ತೆಗೆದರು. ಒಂದು ಕಡೆ 'ಇಲ್ಲ' ಬಿಟ್ಟುಹೋಗಿತ್ತು, ಸೇರಿಸಿದರು. ಕಳಿಸಿದರು.

ಅಲ್ಲಿಂದ ಕಾಯುವ ದಿನಗಳು. ಯಾರೂ ಅದರ ಮಾತೆತ್ತಲಿಲ್ಲ, ಫೋನ್ ಗುಣುಗುಟ್ಟಿದರೆ ಮಾತ್ರ ಐದು ತಲೆ ಒಟ್ಟಿಗೆ ತಿರುಗುತ್ತಿದ್ದವು. ಫೋನ್ ಬಂದದ್ದು ಊಟದ ನಡುವೆ. ಅತ್ತೆಯ ಕೈ ಎಂಜಲಾಗಿತ್ತು. ಚಿಟ್ಟಿ ಸ್ಪೀಕರ್ ಒತ್ತಿ ಮೇಜಿನ ನಡುವೆ ಇಟ್ಟಳು.

"ಅಮ್ಮ, ಆ ಬಿರುಕಿನ ಮಾತಿತ್ತಲ್ಲ," ಎಂದರು ಮೇಡಂ ನೇರವಾಗಿ. "ಅದು ಯಾರ ಮಾತು ಅಂತ ನಮಗೂ ಗೊತ್ತಿಲ್ಲ. ವಿಚಾರಣೆ ನಡೆಸಿದವರಿಗೇ ಗೊತ್ತಿಲ್ಲ. ಉಳಿದವರೆಲ್ಲ ತಲೆಗೊಂದು ಹೆಸರು ಹಾಕಿ ಕಳಿಸಿದಾರೆ. ತಿಳಿಯಲಿಲ್ಲ ಅಂತ ಬರೆದಿದ್ದು ನೀವೊಬ್ಬರೇ. ಬೇರೆ ಕಡೆ ದನಿ ಗುರುತಿಸಿರೋದು ಒಂದೂ ತಪ್ಪಿಲ್ಲ. ನಾನೇ ಕೂತು ನೋಡಿದೆ."

ಚಿಟ್ಟಿ ಫೋನಿನ ದನಿ ಜೋರು ಮಾಡಿದಳು.

"ಇನ್ನು ಆ ವಿಚಾರಣೆ ಪೂರ್ತಿ ನಿಮ್ಮ ಕೈಗೇ ಕೊಡ್ತೀವಿ. ಮುಂದೆ ಬರೋ ವಿಚಾರಣೆಗಳೂ ನಿಮಗೇ. ಒಪ್ಪಿಗೇನಾ?"

ಚಿಟ್ಟಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ನನ್ನ ಗಂಡ ಅನ್ನದ ತಟ್ಟೆಗೆ ಮುಖ ಬಗ್ಗಿಸಿ ಅಳುತ್ತಿದ್ದರು. ಅಮ್ಮನಿಗೆ ಕಾಣುವುದಿಲ್ಲ ಎಂಬ ಧೈರ್ಯ. ನನಗೆ ಎದ್ದು ಬೀದಿಯಲ್ಲಿ ನಿಂತು ಕೂಗಿ ಹೇಳಬೇಕೆನ್ನಿಸಿತು. ಸಮಾಧಾನದಿಂದ ಇದ್ದವರು ಅತ್ತೆ ಒಬ್ಬರೇ.

"ಒಪ್ಪಿಗೆ," ಎಂದರು. "ಆದ್ರೆ ಒಂದು ಷರತ್ತು. ಪ್ರತಿಯ ಕೆಳಗೆ ಟೈಪ್ ಮಾಡಿದವರ ಹೆಸರು ಹಾಕ್ತೀರಲ್ಲ, ಅದರ ಪಕ್ಕ ಧ್ವನಿ ಗುರುತಿಸಿದವರು ಅಂತ ಇನ್ನೊಂದು ಹೆಸರು ಹಾಕಬೇಕು."

"ಹಾಗೆ ಹಾಕೋ ಪದ್ಧತಿ ಇಲ್ಲಮ್ಮ."

"ಇಲ್ಲ ಅಂದ್ರೆ ಶುರು ಮಾಡಿ. ಅರ್ಧ ಕೆಲಸ ಅವರದು."

ಮೇಡಂ ನಕ್ಕರು. "ಸರಿ, ಹೆಸರು ಹೇಳಿ."

ಅತ್ತೆ ಫೋನನ್ನು ಮೇಜಿನ ಮೇಲೆ ಮಾವನ ಕಡೆಗೆ ತಳ್ಳಿ, "ನೀವೇ ಹೇಳಿ" ಎಂದರು.

ಮಾವ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು, ನೀರು ಕುಡಿದರು, ಒಮ್ಮೆ ಕೆಮ್ಮಿದರು. ಆಮೇಲೆ ತಮ್ಮ ಹೆಸರನ್ನು, ತಮ್ಮ ಅಪ್ಪನ ಹೆಸರನ್ನೂ ಸೇರಿಸಿ, ಒಂದೊಂದಕ್ಷರ ಬಿಡಿಸಿ ಹೇಳಿದರು. ನಾನು ಈ ಮನೆಗೆ ಬಂದು ಇಷ್ಟು ವರ್ಷವಾದರೂ ಆ ಹೆಸರನ್ನು ಪೂರ್ತಿಯಾಗಿ ಅವರ ಬಾಯಿಂದ ಕೇಳಿದ್ದು ಅವತ್ತೇ. ಆ ಕಡೆ ಮೇಡಂ ಅದನ್ನು ಟೈಪ್ ಮಾಡುವ ಸದ್ದು ಕೇಳಿಸಿತು, ಆ ಸದ್ದು ಮುಗಿಯುವವರೆಗೂ ನಾವು ಯಾರೂ ಊಟಕ್ಕೆ ಕೈ ಹಾಕಲಿಲ್ಲ.